ಗೊಂಡ್ಯಾ ಮರೆಯಲಿದ್ದ ಮಾತು

ಮೊನ್ನೆ ಬಾಗೇವಾಡಿಯ ಈ ಮನೆಯಲ್ಲಿ ಕೌದಿಗಳನ್ನು ಬಿಸಿಲಿಗೆ ಹಾಕಲೆಂದು ಟ್ರಂಕು ತೆರೆದೆ. ತಳದಲ್ಲಿ ಹಳೆಯ ಇಳಕಲ್ ಸೀರೆಯದೊಂದು ತುಂಡು ಮಡಚಿ ಇಟ್ಟಿತ್ತು. ಹಿಂದೆ ಹಕ್ಕಿಯ ಪಂಜರಕ್ಕೆ ಹೊದಿಸುತ್ತಿದ್ದ ಬಟ್ಟೆ. ಬಿಡಿಸಿದ ಕೂಡಲೇ ಆ ವಾಸನೆ ಬಂತು. ಹುರಿದ ಜೋಳವನ್ನು ಬೀಸುವಾಗ ಗಾಳಿಯಲ್ಲಿ ತೇಲುವ ಹಿಟ್ಟಿನಂಥ, ಬೆಚ್ಚಗಿನ, ತುಸು ಸಿಹಿಯಾದ ವಾಸನೆ. ಕಾಕಟೀಲ್ ಹಕ್ಕಿಯ ಮೈಯಿಂದ ಸದಾ ಬಿಳಿ ಪುಡಿ ಉದುರುತ್ತಿರುತ್ತದೆ, ಸಾಕಿದವರಿಗೆ ಗೊತ್ತು. ಹಕ್ಕಿ ಮುದಿಯಾಗಿ ತೀರಿಹೋಗಿ ಒಂದು ವರ್ಷವಾಯಿತು. ವಾಸನೆ ಹೋಗಿರಲಿಲ್ಲ. ಕೌದಿ ಬಿಸಿಲಿಗೆ ಹಾಕುವುದನ್ನು ಬಿಟ್ಟು ನಾನು ಅಲ್ಲೇ ನೆಲದ ಮೇಲೆ ಕೂತೆ. ಇಂಡಿಯಲ್ಲಿ ಕಳೆದ ಮೊದಲ ಮಳೆಗಾಲ ಕಣ್ಣ ಮುಂದೆ ಬಂತು.

ಆ ಊರಿಗೆ ನಾನು ಹೋದದ್ದು ಮದುವೆಯಾಗಿ, ಮೂವತ್ತಾರನೆಯ ವಯಸ್ಸಿನಲ್ಲಿ. ಅದಕ್ಕೂ ಮುಂಚೆ ಹನ್ನೊಂದು ವರ್ಷ ದೇವರ ಹಿಪ್ಪರಗಿಯ ಖಾಸಗಿ ಶಾಲೆಯೊಂದರಲ್ಲಿ ಮೂರನೆಯ ತರಗತಿಗೆ ಪಾಠ ಮಾಡಿದ್ದೆ. ನಮ್ಮ ಮನೆಯವರು ಕರೆಂಟಿನ ಇಲಾಖೆಯಲ್ಲಿ ಲೈನ್‌ಮನ್. ಅವರ ಮೊದಲ ಹೆಂಡತಿ ರತ್ನಾ ಕಾಮಾಲೆಯಾಗಿ ತೀರಿಕೊಂಡು ಎರಡು ವರ್ಷವಾಗಿತ್ತು. ಮಗಳು ಸಾಕ್ಷಿಗೆ ಹತ್ತು ವರ್ಷ. ಮನೆ ಊರ ಹೊರಗೆ, ಚಡಚಣದ ರಸ್ತೆಯ ಕಡೆ. ಹಿತ್ತಲಿನ ಗೋಡೆಯ ಆಚೆ ಯಾರದೋ ನಿಂಬೆಯ ತೋಟ. ಗಾಳಿ ಆ ಕಡೆಯಿಂದ ಬೀಸಿದರೆ ಮನೆಯೆಲ್ಲ ನಿಂಬೆ ಹೂವಿನ ವಾಸನೆ.

ನಾನು ಹೊಸ್ತಿಲು ದಾಟಿ ಬಂದ ದಿನ ಸಾಕ್ಷಿ ನನ್ನನ್ನು ಪಡಸಾಲೆಯ ಕಿಟಕಿಯ ಬಳಿ ಕರೆದುಕೊಂಡು ಹೋಗಿ ಪಂಜರ ತೋರಿಸಿದಳು. ಬೂದು ಮೈ, ಹಳದಿ ತಲೆ, ಕೆನ್ನೆಯ ಮೇಲೆ ಕುಂಕುಮದ ಬೊಟ್ಟಿನಂಥ ಎರಡು ಕೇಸರಿ ಗುಂಡುಗಳು, ನೆತ್ತಿಯ ಮೇಲೆ ಗೊಂಡೆಯಂಥ ಜುಟ್ಟು. ಜುಟ್ಟಿನಿಂದಾಗಿಯೇ ಅದಕ್ಕೆ ಗೊಂಡ್ಯಾ ಎಂದು ಹೆಸರು. ಓಣಿಯವರೆಲ್ಲ ಫಾರಿನ್ ಗಿಳಿ ಎನ್ನುತ್ತಿದ್ದರು. ಸಾಕ್ಷಿ ಎರಡು ವರ್ಷದ ಕೂಸಾಗಿದ್ದಾಗ ರತ್ನಾ ಅದನ್ನು ಸೊಲ್ಲಾಪುರದಿಂದ ತಂದಿದ್ದಳಂತೆ, ರೈಲಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು.

"ಇದು ನಮ್ಮವ್ವಂದು. ಮುಟ್ಟಬ್ಯಾಡ್ರಿ, ಕಡೀತೈತಿ" ಎಂದಳು ಸಾಕ್ಷಿ.

ನಾಲ್ಕನೆಯ ದಿನ ನೀರಿನ ಬಟ್ಟಲು ತೊಳೆಯಲೆಂದು ಕೈ ಹಾಕಿದೆ. ಕಡಿಯಿತು. ಬೆರಳಿನಿಂದ ರಕ್ತ ತೊಟ್ಟಿಕ್ಕಿತು. ಸಾಕ್ಷಿ ಅಡುಗೆಮನೆಯಿಂದ ಅರಿಷಿಣ ತಂದು ಕೊಟ್ಟು, "ಹೇಳಿದ್ನೆಲ್ರಿ" ಎಂದಳು. ಅವಳ ಮುಖದಲ್ಲಿ ಮರುಕವೂ ಇರಲಿಲ್ಲ, ಖುಷಿಯೂ ಇರಲಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದು ಕೂತ ಅಪರಿಚಿತರನ್ನು ನೋಡುವಂತೆ ನೋಡಿದಳು, ಅಷ್ಟೇ.

ಬೆರಳು ಕಟ್ಟಿಕೊಳ್ಳುವಾಗ ನಾನು ಹಕ್ಕಿಯನ್ನು ಸರಿಯಾಗಿ ನೋಡಿದೆ. ಅದರ ಎದೆಯ ಮೇಲೆ ಗರಿಗಳೇ ಇರಲಿಲ್ಲ. ಚರ್ಮ ಗುಲಾಬಿ ಬಣ್ಣಕ್ಕೆ ಕಾಣುತ್ತಿತ್ತು. ನೋಡನೋಡುತ್ತಿದ್ದಂತೆ ಅದು ಕತ್ತು ಬಗ್ಗಿಸಿ ಇನ್ನೊಂದು ಗರಿಯನ್ನು ತಾನೇ ಕಿತ್ತು ಕೆಳಗೆ ಹಾಕಿತು.

ಪಶು ಆಸ್ಪತ್ರೆಗೆ ಒಯ್ದೆ. ಅಲ್ಲಿದ್ದ ಡಾಕ್ಟರು ನನ್ನ ವಯಸ್ಸಿನ ಹೆಂಗಸು. ಎಮ್ಮೆಯೊಂದಕ್ಕೆ ಸೂಜಿ ಚುಚ್ಚಿ ಕೈ ತೊಳೆದು ಬಂದು ನಕ್ಕರು. "ನಮ್ಮಲ್ಲಿ ಎಮ್ಮಿ, ಆಕಳಾ, ಆಡು ಬರ್ತಾವ್ರಿ. ಇಂಥಾ ಸಾಹೇಬ್ರು ಅಪರೂಪ." ಹಕ್ಕಿಯನ್ನು ಹೊರಳಿಸಿ ನೋಡಿ, ರೋಗವೇನೂ ಇಲ್ಲ ಎಂದರು. "ಇದಕ್ಕ ಬ್ಯಾಸರಾಗೇತ್ರಿ. ಯಾರರೆ ಇದರ ಕೂಡ ಕೂತು ಕೆಲಸಾ ಹಚ್ಚಬೇಕು. ಹಿಡೀಬ್ಯಾಡ್ರಿ, ಗದರಿಸಬ್ಯಾಡ್ರಿ. ಬೇಕಾದ್ದು ಮಾಡಿದಾಗ ತಟ್ನ ಒಂದು ಕಾಳು ಕೊಡ್ರಿ. ಬ್ಯಾಡಾದ್ದು ಮಾಡಿದ್ರ ಸುಮ್ನ ಕೂಡ್ರಿ. ಕಾಳು ಸಿಗೂದು ಬೆಳೀತೈತಿ, ಸಿಗದ್ದು ತಾನ ಬಿಟ್ಟುಹೋಗ್ತೈತಿ."

ಹನ್ನೊಂದು ವರ್ಷ ಮಕ್ಕಳಿಗೆ ಕಲಿಸಿದವಳು ನಾನು. ಅಂಗೈ ಮೇಲೆ ಸ್ಕೇಲಿನಿಂದ ಕೊಟ್ಟ ಏಟುಗಳೂ ನೆನಪಿದ್ದವು. ಇಷ್ಟು ಸರಳವಾದದ್ದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹೀಗೆ ಶುರುವಾಯಿತು. ಆಷಾಢದ ಗಾಳಿ ಆಗ ಊರನ್ನು ಹಿಡಿದು ಅಲುಗಾಡಿಸುತ್ತಿತ್ತು. ಎಲ್ಲೋ ಕಂಬ ವಾಲುತ್ತಿತ್ತು, ಎಲ್ಲೋ ತಂತಿ ಹರಿಯುತ್ತಿತ್ತು. ಮನೆಯವರು ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಸಾಕ್ಷಿ ಶಾಲೆಗೆ. ಮಧ್ಯಾಹ್ನದ ಆ ದೊಡ್ಡ ಖಾಲಿ ಹೊತ್ತಿನಲ್ಲಿ ನಾನೂ ಗೊಂಡ್ಯಾನೂ ಇಬ್ಬರೇ. ಮೊದಲ ವಾರ ನಾನು ಮಾಡಿದ್ದೆಲ್ಲ ಪಂಜರದಿಂದ ಆರು ಹೆಜ್ಜೆ ದೂರ ಕೂತು ಅದರ ಜುಟ್ಟು ನೋಡಿದ್ದು. ಜುಟ್ಟು ನೆತ್ತಿಗೆ ಅಂಟಿತೆಂದರೆ ಸಿಟ್ಟು, ಸೆಟೆದು ನಿಂತಿತೆಂದರೆ ಅಂಜಿಕೆ, ಅರ್ಧ ಬಾಗಿದರೆ ಸಮಾಧಾನ. ಸಮಾಧಾನವಿದ್ದಾಗ ಒಂದು ಹೆಜ್ಜೆ ಮುಂದೆ, ಜುಟ್ಟು ಸೆಟೆದರೆ ಒಂದು ಹೆಜ್ಜೆ ಹಿಂದೆ. ಹೊರಗೆ ಗಾಳಿ ಬೇವಿನ ಮರವನ್ನು ನೆಲದ ತನಕ ಬಗ್ಗಿಸುತ್ತಿತ್ತು. ಒಳಗೆ ಕಾಲವೇ ನಿಂತಂತೆ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಕೂತಿರುತ್ತಿದ್ದೆವು. ಎಷ್ಟೋ ಸಲ ಕಣ್ಣಿಗೆ ಜೋಂಪು ಹತ್ತಿ, ಎಚ್ಚರವಾದಾಗ ಹಕ್ಕಿ ಒಂದು ಕಾಲ ಮೇಲೆ ನಿಂತು ತಾನೂ ತೂಕಡಿಸುತ್ತಿರುತ್ತಿತ್ತು.

ಶಾಲೆಯಿಂದ ತಂದಿದ್ದ ಕೆಂಪು ಬಾಲ್‌ಪೆನ್ನು ಕೆಲಸಕ್ಕೆ ಬಂತು. ಹಕ್ಕಿ ಸರಿಯಾದದ್ದು ಮಾಡಿದ ಆ ಕ್ಷಣಕ್ಕೇ ಪೆನ್ನಿನ ಗುಂಡಿ ಒತ್ತುವುದು, ಟಿಕ್. ಆಮೇಲೆ ಒಂದು ಸೂರ್ಯಕಾಂತಿ ಬೀಜ, ಇಲ್ಲವೇ ನವಣೆಯ ತೆನೆಯಿಂದ ಒಂದು ಕಚ್ಚು. ನಾಲ್ಕೇ ದಿನಕ್ಕೆ ಗೊಂಡ್ಯಾನಿಗೆ ಟಿಕ್ ಎಂದರೆ ಕಾಳು ಎಂದು ತಿಳಿಯಿತು. ಮೊದಲು ಕಡ್ಡಿಯ ತುದಿಯನ್ನು ಕೊಕ್ಕಿನಿಂದ ಮುಟ್ಟುವುದು ಕಲಿತ. ಆಮೇಲೆ ಕಡ್ಡಿಯ ಹಿಂದೆ ನಡೆಯುವುದು. ಶ್ರಾವಣ ಹುಟ್ಟುವ ಹೊತ್ತಿಗೆ ಪಂಜರದ ಬಾಗಿಲು ದಾಟಿ ನನ್ನ ಮುಂಗೈ ಏರಿ ಕೂತ. ಅವನ ಉಗುರುಗಳ ಆ ಹಗುರ ಹಿಡಿತ ಈಗಲೂ ಕೈಗೆ ಗೊತ್ತು. ಗರಿ ಕೀಳುವುದು ಕಡಿಮೆಯಾಗಿ ಎದೆಯ ಮೇಲೆ ಸಣ್ಣ ಬೂದು ಮುಳ್ಳುಗಳಂತೆ ಹೊಸ ಗರಿ ಮೊಳೆಯತೊಡಗಿತು.

ಒಂದು ಸಂಜೆ ಸಾಕ್ಷಿ ಚೀಲ ಇಳಿಸುವಾಗ ಅವನು ನನ್ನ ಕೈ ಮೇಲೆ ಇದ್ದ. ಬಹಳ ಹೊತ್ತು ನೋಡಿದಳು.

"ಅಪ್ಪನ ಕೈ ಮ್ಯಾಲೂ ಕೂಡೂದಿಲ್ಲರಿ ಅದು" ಎಂದು ಒಳಗೆ ಹೋದಳು. ಮರುದಿನ ಕಿಟಕಿಯ ಕಟ್ಟೆಯ ಮೇಲೆ ಕಾಗದದ ಪೊಟ್ಟಣದಲ್ಲಿ ಒಂದು ಹಿಡಿ ಸೂರ್ಯಕಾಂತಿ ಬೀಜ ಇತ್ತು. ಇಟ್ಟವರು ಯಾರೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅದೇ ವಾರ, ಜಿಟಿಜಿಟಿ ಮಳೆಯ ಒಂದು ಮಧ್ಯಾಹ್ನ, ಗೊಂಡ್ಯಾ ಬಾಯಿಬಿಟ್ಟ. ಮೊದಲು ಗಂಟಲಲ್ಲಿ ಏನೋ ಗೊಣಗಿದ. ಆಮೇಲೆ ಸಣ್ಣ ಸೀಟಿಯಂಥ ದನಿಯಲ್ಲಿ ಸ್ಪಷ್ಟವಾಗಿ ಹೇಳಿದ:

"ಸಾಕವ್ವಾ… ಬಾ."

ನನಗೆ ನಗು ತಡೆಯಲಾಗಲಿಲ್ಲ. ಪಾಠ ಹೆಚ್ಚಾಯಿತು, "ಸಾಕು ಅವ್ವಾ" ಎನ್ನುತ್ತಿದ್ದಾನೆ ಎಂದುಕೊಂಡೆ. ಟಿಕ್ ಒತ್ತಿ ಕಾಳು ಕೊಟ್ಟೆ. ಮತ್ತೆ ಅಂದ. ಮತ್ತೆ ಕಾಳು. ಮೂರು ದಿನ ಅದೇ ಆಟ. ಸಂಜೆ ಎಲ್ಲರೂ ಇದ್ದಾಗ ಅವನು ಬಾಯಿ ತೆರೆಯುತ್ತಿರಲಿಲ್ಲ. ಇನ್ನಷ್ಟು ಗಟ್ಟಿಯಾದ ಮೇಲೆ ಮನೆಯವರ ಮುಂದೆ ಆಡಿಸಿ ತೋರಿಸಬೇಕೆಂದು ನಾನು ಸುಮ್ಮನಿದ್ದೆ.

ನಾಲ್ಕನೆಯ ದಿನ ಪಕ್ಕದ ಮನೆಯ ಕಾಶೀಬಾಯಿ ಹೆಪ್ಪಿಗೆ ಮೊಸರು ಕೇಳಲು ಬಂದರು. ಗೊಂಡ್ಯಾ ಅವರೆದುರೇ ಅಂದುಬಿಟ್ಟ. ಅವರು ಬಟ್ಟಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಪಂಜರದ ಹತ್ತಿರ ಬಂದರು.

"ಯವ್ವಾ, ರತ್ನಾನ ದನೀನ ಇದು!"

"ಏನ್ ಹೇಳ್ತೀರಿ ವೈನಿ?"

"ಅಕಿ ಮಗಳಿಗೆ ಹಿಂಗ ಕರೀತಿದ್ಳು. ಸಾಕ್ಷಿ ಅನ್ನಾಕ ಬಾಯಿ ತಿರಗಂಗಿಲ್ಲ, ನಾ ಸಾಕವ್ವನ ಅಂತೇನಿ ಅಂತಿದ್ಳು. ಸಾಲಿಗೆ ಹೊಂಡೂ ಮುಂದ, ಉಣ್ಣಾಕ ಕರಿಯೂ ಮುಂದ, ಇದ… ಸಾಕವ್ವಾ ಬಾ." ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಹುಡುಗಿ ಕೇಳೇತೇನು?"

"ಇಲ್ಲ. ಈಗ ಹೇಳಬ್ಯಾಡ್ರಿ. ಕೂಸು ಮನಸಿಗೆ ಹಚ್ಚಿಕೊಂತೈತಿ."

ಕಾಶೀಬಾಯಿ ನನ್ನ ಮುಖವನ್ನು ನೋಡಿದರು. "ನಿನ್ನ ಮನಿ, ನಿನ್ನ ವಿಚಾರ" ಎಂದು ಮೊಸರು ತೆಗೆದುಕೊಂಡು ಹೋದರು.

ಕೂಸಿನ ಮನಸ್ಸಿಗಾಗಿ ಎಂದು ನಾನು ನನಗೂ ಹೇಳಿಕೊಂಡೆ. ನಿಜ ಬೇರೆ ಇತ್ತು. ಎರಡು ತಿಂಗಳಿಂದ ಆ ಮನೆಯ ಡಬ್ಬಿಗಳ ಮೇಲೆ ರತ್ನಾಳ ಅಕ್ಷರ, ಗೋಡೆಯ ಮೇಲೆ ಅವಳ ಫೋಟೊ, ಹಿತ್ತಲಲ್ಲಿ ಅವಳು ನೆಟ್ಟ ದಾಸವಾಳ. ಅದೆಲ್ಲದರ ನಡುವೆ ನನ್ನದೆಂದು ನಾನು ಕಟ್ಟಿಕೊಂಡದ್ದು ಈ ಮಧ್ಯಾಹ್ನಗಳನ್ನು ಮಾತ್ರ. ಈಗ ನಾನೇ ಕಾಳು ಹಾಕಿ ಅವಳ ದನಿಯನ್ನು ಎಬ್ಬಿಸಿದ್ದೆ. ಹುಡುಗಿ ಇದನ್ನು ಕೇಳಿದರೆ ನನಗೆ ಆ ಮನೆಯಲ್ಲಿ ಎಂದಿಗೂ ಜಾಗ ಸಿಗುವುದಿಲ್ಲ ಎನ್ನಿಸಿತು.

ಹಕ್ಕಿಯನ್ನು ಬೈಯಬೇಕಿರಲಿಲ್ಲ. ಪೆನ್ನು ಒತ್ತದಿದ್ದರೆ ಆಗುತ್ತಿತ್ತು.

ಮರುದಿನದಿಂದ ಗೊಂಡ್ಯಾ ಆ ಮಾತು ಅಂದಾಗ ನಾನು ಕಿಟಕಿಯ ಹೊರಗೆ ನೋಡತೊಡಗಿದೆ. ಮೊದಲ ಎರಡು ದಿನ ಅವನಿಗೆ ಅರ್ಥವಾಗಲಿಲ್ಲ. ಸರಳಿನ ಹತ್ತಿರ ಬಂದು, ತಲೆ ವಾಲಿಸಿ, ಸಾಕವ್ವಾ ಬಾ, ಸಾಕವ್ವಾ ಬಾ ಎಂದು ಹತ್ತು ಸಲ, ಇಪ್ಪತ್ತು ಸಲ ಅಂದ. ದನಿ ಏರಿಸಿ ಅಂದ. ನನ್ನ ಕೈ ಮಡಿಲಲ್ಲೇ ಇತ್ತು. ಹೊರಗೆ ಮಳೆ ನಿಂಬೆಯ ಎಲೆಗಳ ಮೇಲೆ ಸಣ್ಣಗೆ ಸದ್ದು ಮಾಡುತ್ತಿತ್ತು. ಸತ್ತವಳೊಬ್ಬಳು ಬಾಗಿಲಲ್ಲಿ ನಿಂತು ಮಗಳನ್ನು ಕರೆಯುತ್ತಿದ್ದಂತೆ, ನಾನು ಕೇಳಿಯೂ ಕೇಳದವಳಂತೆ ಕೂತಂತೆ. ಐದನೆಯ ದಿನಕ್ಕೆ ಮಾತು ವಿರಳವಾಯಿತು. ಒಂಬತ್ತನೆಯ ದಿನ ಅವನು ಒಂದು ಸಲವೂ ಅನ್ನಲಿಲ್ಲ.

ಅದೇ ಸಂಜೆ ಜೋರು ಮಳೆ ಬಂದು ಕರೆಂಟು ಹೋಯಿತು. ಮನೆಯವರು ತಂತಿ ಸರಿಮಾಡಲು ಹೋದರು. ಮಳೆ ನಿಂತ ಮೇಲೆ ನಾನೂ ಸಾಕ್ಷಿಯೂ ಹೊರಗಿನ ಕಟ್ಟೆಯ ಮೇಲೆ ಕೂತೆವು. ಪಡುವಣದಲ್ಲಿ ಇನ್ನೂ ಒಂದಿಷ್ಟು ಬೆಳಕಿತ್ತು. ಒದ್ದೆ ಕರಿಮಣ್ಣಿನ ವಾಸನೆ. ನಾನು ಏನೂ ಕೇಳದಿದ್ದರೂ ಅವಳು ತಾನಾಗಿಯೇ ಹೇಳಿದಳು:

"ನಮ್ಮವ್ವನ ಕೈ ನೆನಪೈತ್ರಿ ನನಗ. ಬಳಿ ನೆನಪದಾವ. ದನಿ ನೆನಪಾಗವಲ್ದು. ಮೊದಲ ಕಣ್ಣು ಮುಚ್ಚಿದ್ರ ಕೇಳತಿತ್ತು. ಈಗ ಅಕಿ ಬಾಯಿ ಅಷ್ಟ ಕಾಣತೈತಿ, ಮಾತ ಬರೂದಿಲ್ಲ."

"ಫೋನಿನಾಗ ಇಲ್ಲೇನು?"

"ಆ ಫೋನ ಕೆಟ್ಟುಹೋತ್ರಿ. ಅಪ್ಪ ಮಾಡಿಸಾಕ ಒಯ್ದಿದ್ರು. ಏನೂ ಉಳೀಲಿಲ್ಲ ಅಂದ್ರು."

ಕತ್ತಲಾಗುತ್ತಿದ್ದುದು ಒಳ್ಳೆಯದಾಯಿತು, ನನ್ನ ಮುಖ ಅವಳಿಗೆ ಕಾಣಲಿಲ್ಲ. ಎದ್ದು ಒಳಗೆ ಹೋಗಿ ದೀಪ ಹಚ್ಚಿದೆ.

ಮರುದಿನ ಮಧ್ಯಾಹ್ನ ನವಣೆಯ ಇಡೀ ತೆನೆ ಹಿಡಿದುಕೊಂಡು ಪಂಜರದ ಮುಂದೆ ಕೂತೆ. ಗೊಂಡ್ಯಾ ಕಲಿತದ್ದನ್ನೆಲ್ಲ ಮಾಡಿ ತೋರಿಸಿದ. ಕಡ್ಡಿ ಮುಟ್ಟಿದ, ಒಂದು ಸುತ್ತು ತಿರುಗಿದ, ಹಾರಿಬಂದು ಕೈ ಮೇಲೆ ಕೂತ. ಆ ಮಾತು ಮಾತ್ರ ಬರಲಿಲ್ಲ. ನಾನು ಕಲಿಸಿದ್ದನ್ನು ಅಷ್ಟು ಚೆನ್ನಾಗಿ ಕಲಿತಿದ್ದ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನ ನನಗೆ ಅಳು ಬಂತು. ತಾನಾಗಿ ಬರುವುದಿಲ್ಲವೆಂದರೆ ಕೇಳಿಸಿ ನೆನಪು ಮಾಡಿಕೊಡಬೇಕು. ಕೇಳಿಸುವವರು ಯಾರು? ಕಾಶೀಬಾಯಿಯನ್ನು ಕೇಳಲು ಮುಖವಿರಲಿಲ್ಲ. ಅವರನ್ನು ಬಿಟ್ಟರೆ ಆ ದನಿಯನ್ನು ಇತ್ತೀಚೆಗೆ ಕೇಳಿದವಳು ನಾನೊಬ್ಬಳೇ, ಅದೂ ಹಕ್ಕಿಯ ಬಾಯಲ್ಲಿ.

ರೊಟ್ಟಿ ಬಡಿಯುತ್ತ ಅಡುಗೆಮನೆಯಲ್ಲಿ ಅಭ್ಯಾಸ ಮಾಡಿದೆ. ನನ್ನ ದನಿ ದಪ್ಪ, ತರಗತಿಯಲ್ಲಿ ಕೂಗಿ ಕೂಗಿ ಒರಟಾದದ್ದು. ಅದನ್ನು ತೆಳ್ಳಗೆ ಮಾಡಿ, "ಸಾಕವ್ವಾ… ಬಾ." ಅಲ್ಲ. ಇನ್ನೂ ಮೆತ್ತಗೆ. "ಸಾಕವ್ವಾ… ಬಾ." ನಾನು ಎಂದೂ ನೋಡದ ಹೆಣ್ಣಿನ ಗಂಟಲನ್ನು ಹುಡುಕುತ್ತಿದ್ದೆ. ಹುಡುಕುತ್ತ ಹುಡುಕುತ್ತ ಅವಳ ಮೇಲಿನ ಅಂಜಿಕೆ ಎಲ್ಲಿ ಕರಗಿತೋ ತಿಳಿಯಲಿಲ್ಲ. ಹಾಗೆ ಕರೆಯುವವಳು ಒಳ್ಳೆಯವಳೇ ಇದ್ದಿರಬೇಕು ಎನ್ನಿಸಿತು.

ನಾಲ್ಕನೆಯ ದಿನ ಪಂಜರದ ಮುಂದೆ ಕೂತು ಹಾಗೆಯೇ ಅನ್ನುತ್ತಿದ್ದೆ. ಶನಿವಾರ ಬೆಳಗಿನ ಶಾಲೆ ಎಂಬುದು ಮರೆತೇಹೋಗಿತ್ತು.

"ಸಾಕವ್ವಾ… ಬಾ."

ಬೆನ್ನ ಹಿಂದೆ ಏನೋ ಬಿದ್ದ ಸದ್ದಾಯಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಸಾಕ್ಷಿ, ಕಾಲ ಬಳಿ ಅವಳ ಚೀಲ. ಮುಖ ಬಿಳುಚಿತ್ತು. ಕಿರುಚುತ್ತಾಳೆ, ಇಲ್ಲವೇ ಓಡಿಹೋಗುತ್ತಾಳೆ ಎಂದುಕೊಂಡೆ. ಅವಳು ಮೆಲ್ಲಗೆ ಬಂದು ನನ್ನ ಪಕ್ಕದಲ್ಲಿ ನಿಂತು ಕಣ್ಣು ಮುಚ್ಚಿದಳು.

"ಹಂಗಲ್ಲರಿ" ಎಂದಳು. "ನಡುವ ಎಳೀಬಾರದು. ಕಡೀಕ ಎಳೀಬೇಕು. ಸಾಕವ್ವಾ, ಬಾಽಽಽ."

ಹೇಳಿದವಳೇ ಬೆಚ್ಚಿ ಕಣ್ಣು ತೆರೆದಳು. ಆ ದನಿ ಅವಳ ಬಾಯಿಂದಲೇ ಬಂದಿತ್ತು. ಇನ್ನೊಂದು ಸಲ ಅಂದಳು, ಮತ್ತೊಂದು ಸಲ. ಮೂರನೆಯ ಸಲಕ್ಕೆ ಗೊಂಡ್ಯಾನ ಜುಟ್ಟು ಅರ್ಧ ಎದ್ದಿತು. ಸರಳಿನ ಹತ್ತಿರ ಸರಿದು, ಅವಳನ್ನು ಒಂದೇ ಕಣ್ಣಿನಿಂದ ನೋಡಿ, ಅದೇ ರಾಗದಲ್ಲಿ ಉತ್ತರ ಕೊಟ್ಟ.

ನನ್ನ ಕೈಯಿಂದ ಪೆನ್ನು ಜಾರಿಬಿತ್ತು. ಸಾಕ್ಷಿ ಎತ್ತಿಕೊಂಡು ಟಿಕ್ ಒತ್ತಿದಳು. ನವಣೆಯ ತೆನೆಯನ್ನು ಪೂರ್ತಿ ಅವನಿಗೇ ಕೊಟ್ಟಳು.

ಅವನು ತಿನ್ನುವುದನ್ನು ನೋಡುತ್ತಲೇ ಕೇಳಿದಳು: "ಇದು ಯಾವಾಗಿಂದ ಅನ್ನಾಕತ್ತೈತ್ರಿ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಮೊದಲ ದಿನದ ನಗುವಿನಿಂದ ಕಾಶೀಬಾಯಿ ಬಂದದ್ದರ ತನಕ, ಆಮೇಲೆ ನಾನು ಕಾಳು ನಿಲ್ಲಿಸಿದ್ದನ್ನು, ಯಾಕೆ ನಿಲ್ಲಿಸಿದೆ ಎಂಬುದನ್ನೂ ಹೇಳಿದೆ.

"ನನಗ ಅಂಜಿಕಿ ಬಂತು ಸಾಕ್ಷಿ. ನಿಮ್ಮವ್ವ ಮಾತಾಡಿದ್ರ ನೀ ನನ್ನ ಕಡಿ ಹೊಳ್ಳಿ ನೋಡಂಗಿಲ್ಲ ಅಂತ. ತಪ್ಪು ಮಾಡಿದೆ."

"ಎಷ್ಟು ದಿನಾ ಕಾಳು ಕೊಡಲಿಲ್ಲ?"

"ಒಂಬತ್ತು."

ಅವಳು ಬೆರಳು ಮಡಿಚಿ ಎಣಿಸಿದಳು. "ಹಂಗಾದ್ರ ನಾನೂ ಒಂಬತ್ತು ದಿನಾ ನಿಮ್ಮ ಕೂಡ ಮಾತಾಡಂಗಿಲ್ಲ."

ಅಂದು ಸಂಜೆ ಮನೆಯವರು ಕಾಲು ತೊಳೆಯುವಾಗ ಗೊಂಡ್ಯಾ ಕರೆದ. ಅವರು ತಂಬಿಗೆ ಹಿಡಿದು ಹಾಗೇ ನಿಂತರು. ನೀರು ಪಾದದ ಮೇಲೆ ಸುರಿದು ಖಾಲಿಯಾಯಿತು. ಅಂಗಳಕ್ಕೆ ಹೋಗಿ, ಬೆಳಿಗ್ಗೆಯೇ ತೊಳೆದಿದ್ದ ಮೋಟಾರ್ ಸೈಕಲ್ಲನ್ನು ಅರ್ಧ ಗಂಟೆ ಒರೆಸಿದರು. ಒಳಗೆ ಬಂದಾಗ ಕಣ್ಣು ಕೆಂಪಗಿದ್ದವು. ಉಣ್ಣುವಾಗ ಮಗಳಿಗೆ ಒಂದೇ ಮಾತು ಹೇಳಿದರು: "ನಿಮ್ಮವ್ವ ಇದನ್ನ ಕಲಸಾಕ ಒಂದು ಬ್ಯಾಸಗಿ ತುಂಬ ಹೆಣಗಿದ್ಳು. ಆವಾಗ ಇದು ಒಂದ ಸಲಾನೂ ಅನ್ನಲಿಲ್ಲ." ತಂದೆ ಮಗಳು ರತ್ನಾಳ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಂದಿನಿಂದ ಊಟದ ಹೊತ್ತಿಗೆ ಅವಳ ಮಾತು ಬರುತ್ತಿತ್ತು. ಅವಳು ಚಹಕ್ಕೆ ಶುಂಠಿ ಹಾಕುತ್ತಿದ್ದುದು, ಸೈಕಲ್ ಕಲಿಯಲು ಹೋಗಿ ನಿಂಬೆಯ ಬೇಲಿಗೆ ಬಿದ್ದದ್ದು. ನಾನೂ ನಗುತ್ತ ಕೇಳುತ್ತಿದ್ದೆ.

ಸಾಕ್ಷಿ ಮಾತಿಗೆ ತಪ್ಪಲಿಲ್ಲ. ಒಂಬತ್ತು ದಿನ ನನ್ನೊಡನೆ ಒಂದಕ್ಷರ ಆಡಲಿಲ್ಲ. ಆದರೆ ದಿನವೂ ಶಾಲೆಯಿಂದ ಬಂದವಳೇ ಪಂಜರದ ಮುಂದೆ ನನ್ನ ಪಕ್ಕದಲ್ಲಿ ಕೂತು, ಕಾಳಿಗಾಗಿ ಅಂಗೈ ಚಾಚುತ್ತಿದ್ದಳು. ನಾನು ಕಾಳು ಇಡುತ್ತಿದ್ದೆ. ಅವಳು ಟಿಕ್ ಒತ್ತುತ್ತಿದ್ದಳು. ಮೂವರಲ್ಲಿ ಮಾತಾಡುತ್ತಿದ್ದವನು ಗೊಂಡ್ಯಾ ಒಬ್ಬನೇ. ಮಳೆ ಹಿಂದೆಗೆದು ಹೊಲಗಳಲ್ಲಿ ತೊಗರಿ ಎದೆಯೆತ್ತರ ಬೆಳೆದಿತ್ತು. ಸಂಜೆಯ ಹಳದಿ ಬಿಸಿಲು ಕಿಟಕಿಯಿಂದ ಇಳಿದು ಅವಳ ಚಾಚಿದ ಅಂಗೈ ಮೇಲೆ ಬೀಳುತ್ತಿತ್ತು.

ಹತ್ತನೆಯ ದಿನ ಬೆಳಿಗ್ಗೆ ನಾನು ಒಲೆಯ ಮುಂದಿದ್ದೆ. ತಾಯಿ ಹೋದಾಗಿನಿಂದ ಸಾಕ್ಷಿ ದಿನಾ ಬೆಳಿಗ್ಗೆ ಕಾಶೀಬಾಯಿಯ ಮನೆಗೆ ಹೋಗಿ ತಲೆ ಬಾಚಿಸಿಕೊಂಡು ಬರುತ್ತಿದ್ದಳು. ಅಂದು ಹೋಗಲಿಲ್ಲ. ಬಾಚಣಿಗೆ, ಎರಡು ಕೆಂಪು ರಿಬ್ಬನ್ನು ತಂದು ನನ್ನ ಮುಂದೆ ಬೆನ್ನು ತಿರುಗಿಸಿ ಕೂತಳು.

"ಸಾಲಿಗೆ ಹೊತ್ತಾತು" ಎಂದಳು. "ಲಗೂನ ಜಡಿ ಹಾಕು."